ಪಟೇಲರ ಪುಸ್ತಕದಲ್ಲಿ ಇಲ್ಲದವರು

2007ರ ಜುಲೈ ತಿಂಗಳ ಒಂದು ರಾತ್ರಿ ನ್ಯೂಜೆರ್ಸಿಯಿಂದ ಅಣ್ಣ ಫೋನ್ ಮಾಡಿದ. "ನನ್ನ ಬರ್ತ್ ಸರ್ಟಿಫಿಕೇಟು ಬೇಕು ಕಣೋ. ಆಗಸ್ಟ್ 17ರೊಳಗೆ ಅರ್ಜಿ ಸೇರಬೇಕು. ಹೇಗಾದರೂ ಮಾಡು" ಎಂದ. ಉದ್ಯೋಗದ ಮೇಲೆ ಹೋದವರ ಗ್ರೀನ್ ಕಾರ್ಡ್ ಅರ್ಜಿಗಳಿಗೆ ಆ ತಿಂಗಳು ಅಮೆರಿಕ ಸರ್ಕಾರ ಬಾಗಿಲನ್ನು ಒಮ್ಮೆಲೇ ತೆರೆದು, ಜುಲೈ 2ರಂದು ದಿಢೀರನೆ ಮುಚ್ಚಿತ್ತು. ವರ್ಷಗಟ್ಟಲೆ ಕಾದವರು, ಅವರಲ್ಲಿ ಹೆಚ್ಚಿನವರು ಭಾರತೀಯರೇ, ವಲಸೆ ಇಲಾಖೆಯ ಮುಖ್ಯಸ್ಥರಿಗೆ ಹೂಗುಚ್ಛ ಕಳಿಸಿ ಪ್ರತಿಭಟಿಸಿದ್ದರು. ಜುಲೈ 17ಕ್ಕೆ ಬಾಗಿಲು ಮತ್ತೆ ತೆರೆಯಿತು. ಗಡುವು ಒಂದು ತಿಂಗಳು. ಆ ಒಂದು ತಿಂಗಳಲ್ಲಿ ನಮ್ಮ ನಾಡಿನ ಎಷ್ಟು ಮನೆಗಳಲ್ಲಿ ಹಳೆಯ ಟ್ರಂಕುಗಳನ್ನು ಕೆಳಗಿಳಿಸಿ ಕಾಗದ ಹುಡುಕಿರಬಹುದು ಎಂದು ಈಗಲೂ ಯೋಚಿಸುತ್ತೇನೆ.

ಅಣ್ಣ ಹುಟ್ಟಿದ್ದು 1974ರಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಜನ್ಮ ದಿನಾಂಕ ಜೂನ್ 1 ಎಂದಿದೆ, ಪಾಸ್‌ಪೋರ್ಟಿನಲ್ಲೂ ಅದೇ ಇದೆ, ಹುಟ್ಟಿದ ಸ್ಥಳ ನಮ್ಮೂರು ಎಂದಿದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ವರ್ಷದ ಪುಸ್ತಕ ತೆಗೆಸಿದೆವು. ಜೂನ್ ತಿಂಗಳಲ್ಲಿ ಇಲ್ಲ, ಇಡೀ ವರ್ಷ ತಿರುಗಿಸಿದರೂ ಇಲ್ಲ. ಕಚೇರಿಯ ಹೊರಗೆ ಟೈಪ್ ಮಾಡುವವನ ಪಕ್ಕದಲ್ಲಿ ನಿಂತಿದ್ದ ಒಬ್ಬ ಮಧ್ಯವರ್ತಿ ನಮ್ಮ ಮುಖ ನೋಡಿಯೇ ವಿಷಯ ಊಹಿಸಿದ. "ಎರಡು ದಿನ ಕೊಡಿ ಸಾರ್. ಡೇಟು, ಊರು ಎಲ್ಲ ಪಾಸ್‌ಪೋರ್ಟಿಗೆ ಕರೆಕ್ಟಾಗಿ ಮ್ಯಾಚ್ ಆಗೋ ಹಂಗೆ ಮಾಡಿಸ್ಕೊಡ್ತೀನಿ" ಎಂದ. ಕಾಲು ಅಲ್ಲೇ ನಿಂತಿತು ಎಂದು ಒಪ್ಪಿಕೊಳ್ಳುತ್ತೇನೆ. ಗಡುವಿಗೆ ಉಳಿದಿದ್ದು ಮೂರೇ ವಾರ.

ಸಂಜೆ ಮನೆಗೆ ಬಂದು ಹೇಳಿದಾಗ ಅವ್ವ ಅಕ್ಕಿ ಆರಿಸುತ್ತಿದ್ದಳು. "ಇಲ್ಲಿ ಹುಡುಕುದ್ರೆ ಎಲ್ಲಿ ಸಿಕ್ತದೆ? ಅವ್ನು ಹುಟ್ಟಿದ್ದು ನನ್ನ ತವರ್ನಾಗಲ್ವಾ?" ಎಂದಳು.

ಮರುದಿನ ಇನ್ನೊಂದು ತಾಲ್ಲೂಕಿಗೆ ಹೋದೆ. ಅಲ್ಲಿ ಸಿಕ್ಕಿತು. 1974ರ ನವೆಂಬರ್ 19. ಹೆಸರಿನ ಕಾಲಂ ಖಾಲಿ, ಲಿಂಗದ ಕಾಲಂನಲ್ಲಿ 'ಗಂಡು'. ತಂದೆಯ ಹೆಸರು ಸರಿಯಾಗಿದೆ. ತಾಯಿಯ ಹೆಸರು 'ಪುಟ್ಟಮ್ಮ'. ಅವ್ವನ ಹೆಸರು ಲಕ್ಷ್ಮಮ್ಮ. ತವರಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ಪುಟ್ಟಮ್ಮ ಎಂದು, ವರದಿ ಬರೆಸಲು ಹೋದ ಸೋದರಮಾವ ಬಾಯಿಗೆ ಬಂದದ್ದನ್ನೇ ಬರೆಸಿದ್ದಾನೆ. ಒಂದೇ ಸಾಲಿನಲ್ಲಿ ನಾಲ್ಕು ವ್ಯತ್ಯಾಸ: ದಿನಾಂಕ, ಸ್ಥಳ, ಮಗುವಿನ ಹೆಸರು, ತಾಯಿಯ ಹೆಸರು. ಆದರೆ ಆ ಸಾಲಿನಲ್ಲಿ ಒಂದೂ ಸುಳ್ಳಿಲ್ಲ. ನಮ್ಮ ಕೈಯಲ್ಲಿದ್ದ ಕಾಗದಗಳಲ್ಲಿ ಅತ್ಯಂತ ನಿಜವಾದದ್ದು ಯಾವುದಕ್ಕೂ ತಾಳೆಯಾಗದ ಆ ಒಂದು ಸಾಲೇ.

ಈ ಲೇಖನದಲ್ಲಿ ನಾನು ವಾದಿಸಬೇಕೆಂದಿರುವುದು ಇಷ್ಟನ್ನೇ. ದಾಖಲೆ ತಾಳೆಯಾಗದೆ ಹೋದರೆ, ದಾಖಲೆಯೇ ಇಲ್ಲದೆ ಹೋದರೆ ಅದು ಅರ್ಜಿದಾರನ ಅಪರಾಧವಲ್ಲ. ಅಪರಾಧ ಹುಟ್ಟುವುದು ತಾಳೆ ಮಾಡಿಸಲು ಹೊರಟಾಗ. ವಲಸೆ ಅಧಿಕಾರಿಗಳ ಮುಂದೆ ನಮ್ಮ ಜನ ಸೋಲುವುದು ಕಾಗದ ಕಡಿಮೆಯಾಗಿದ್ದಕ್ಕಿಂತ ಹೆಚ್ಚಾಗಿ, ಇರುವ ಕಾಗದದ ಕಥೆಯನ್ನು ನೇರವಾಗಿ ಹೇಳಲು ಅಂಜಿದ್ದರಿಂದ. ಆ ಅಂಜಿಕೆಯನ್ನು ಬೆಳೆಸಿದ್ದರಲ್ಲಿ ಅವರ ಸರ್ಕಾರಕ್ಕೂ ಪಾಲಿದೆ, ನಮ್ಮ ಸರ್ಕಾರಕ್ಕೂ ಪಾಲಿದೆ.

ನಮ್ಮ ಹುಟ್ಟುಗಳು ಹೇಗೆ ಬರೆಯಲ್ಪಟ್ಟವು ಎಂಬುದನ್ನು ಹೊರಗಿನವರಿಗಿರಲಿ, ನಮ್ಮ ಮಕ್ಕಳಿಗೇ ವಿವರಿಸುವುದು ಕಷ್ಟ. ಹಳ್ಳಿಯ ಶಾಲೆಗೆ ಮಗುವನ್ನು ಕರೆತಂದರೆ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಗಿದೆ ಎಂದರ್ಥ. ಜೂನ್ ತಿಂಗಳಲ್ಲಿ ಶಾಲೆ ಶುರು. ಹಾಗಾಗಿ ಲೆಕ್ಕಕ್ಕೆ ಸುಲಭವಾಗುವಂತೆ ಜೂನ್ 1 ಎಂದೋ, ಅದರ ಆಸುಪಾಸಿನ ಒಂದು ದಿನವನ್ನೋ ದಾಖಲಾತಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದೇ ತರಗತಿಯ ಅರ್ಧದಷ್ಟು ಮಕ್ಕಳು ಒಂದೇ ದಿನ ಹುಟ್ಟಿದಂತಾಗುತ್ತಿತ್ತು. ಮೇಷ್ಟ್ರು ಮೋಸ ಮಾಡಿದರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮಗು ಒಂದು ವರ್ಷ ದನ ಕಾಯದೆ ಶಾಲೆಗೆ ಬರಲಿ ಎಂದು ಅವರು ಬರೆದ ದಿನಾಂಕ ಅದು. ಆದರೆ ಆ ದಿನಾಂಕ ಟಿಸಿಗೆ ಹೋಯಿತು, ಟಿಸಿಯಿಂದ ಎಸ್‌ಎಸ್‌ಎಲ್‌ಸಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ, ಪಾಸ್‌ಪೋರ್ಟಿನಿಂದ ಪರದೇಶದ ಕಂಪ್ಯೂಟರಿಗೆ.

ಇದು ಬಡವರ, ಹಳ್ಳಿಯವರ ಪಾಡು ಮಾತ್ರವೂ ಅಲ್ಲ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಮೆಟ್ರಿಕ್ ಪ್ರಮಾಣಪತ್ರದಲ್ಲಿ ಹುಟ್ಟಿದ್ದು 1951ರ ಮೇ 10 ಎಂದಿತ್ತು, ಸೇನೆಗೆ ಸೇರುವಾಗ ತುಂಬಿದ ಅರ್ಜಿಯಲ್ಲಿ 1950 ಎಂದಿತ್ತು. ಆ ಒಂದು ವರ್ಷದ ವ್ಯತ್ಯಾಸ 2012ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೊನೆಗೆ ಅವರು ಅರ್ಜಿಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಸೇನೆಯ ಅತ್ಯುನ್ನತ ಅಧಿಕಾರಿಯ ಹುಟ್ಟಿನ ದಿನವನ್ನೇ ಒಂದು ಕಡೆ ನಿಲ್ಲಿಸಲಾಗದ ವ್ಯವಸ್ಥೆ ನಮ್ಮದು.

ಇನ್ನು ಸ್ಥಳ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವ ಪದ್ಧತಿ ನಮ್ಮದು. ಕಾನೂನಿನ ಪ್ರಕಾರ ಹುಟ್ಟು ನೋಂದಣಿಯಾಗಬೇಕಾದದ್ದು ಮಗು ಹುಟ್ಟಿದ ಜಾಗದಲ್ಲಿ. ಆದರೆ ಊರು ಯಾವುದು ಎಂದು ಕೇಳಿದರೆ ಎಲ್ಲರೂ ಹೇಳುವುದು ಅಪ್ಪನ ಊರನ್ನೇ. ಹೀಗಾಗಿ ಪಾಸ್‌ಪೋರ್ಟು ಒಂದು ಜಿಲ್ಲೆ ಹೇಳುತ್ತದೆ, ಜನನದ ಪುಸ್ತಕ ಇನ್ನೊಂದು ಜಿಲ್ಲೆಯಲ್ಲಿ ಕುಳಿತಿರುತ್ತದೆ. ಇದರ ಮೇಲೆ ಗಡಿಗಳೇ ಓಡಾಡಿವೆ. 1950ರಲ್ಲಿ ಧಾರವಾಡದಲ್ಲಿ ಹುಟ್ಟಿದವರು ಮುಂಬೈ ರಾಜ್ಯದವರು, ರಾಯಚೂರಿನವರು ಹೈದರಾಬಾದಿನವರು, ಬಳ್ಳಾರಿಯವರು ಮದ್ರಾಸಿನವರು. 1973ರ ನವೆಂಬರ್ 1ಕ್ಕೆ ಮೊದಲಿನ ಕಾಗದದಲ್ಲಿ 'ಕರ್ನಾಟಕ' ಎಂಬ ರಾಜ್ಯದ ಹೆಸರೇ ಇಲ್ಲ, 1997ಕ್ಕೆ ಮೊದಲು ಚಾಮರಾಜನಗರ, ದಾವಣಗೆರೆ, ಉಡುಪಿ ಜಿಲ್ಲೆಗಳಿಲ್ಲ. ಊರು ಕದಲದೆ ಇದ್ದಲ್ಲೇ ಇದ್ದರೂ ಹುಟ್ಟಿದ ಸ್ಥಳ ಬದಲಾಗುತ್ತಲೇ ಬಂತು.

ಎಲ್ಲಕ್ಕಿಂತ ಹೆಚ್ಚು ತೊಡಕಿನದು ಹೆಸರು. ನಮ್ಮಲ್ಲಿ ಇನಿಷಿಯಲ್ ಎಂಬುದು ಊರಿನದೂ ಆಗಿರಬಹುದು, ಅಪ್ಪನದೂ ಆಗಿರಬಹುದು, ಮದುವೆಯಾದ ಮೇಲೆ ಗಂಡನದೂ ಆಗಿರಬಹುದು. ಅಮೆರಿಕದ ಅರ್ಜಿಗೆ ಬೇಕಾದದ್ದು ಮನೆತನದ ಹೆಸರು ಒಂದು, ಸ್ವಂತ ಹೆಸರು ಒಂದು. ಎರಡಕ್ಷರದ ಇನಿಷಿಯಲ್ಲನ್ನು ಬಿಡಿಸಿ ಬರೆದಾಗ ಊರಿನ ಹೆಸರೇ ವಂಶದ ಹೆಸರಾಗಿ ಕುಳಿತದ್ದುಂಟು. ಬರೀ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ 'ಎಫ್ಎನ್‌ಯು' ಎಂದು ಮುದ್ರಿಸುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಪ್ಪ ಅಮ್ಮ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಮೂರು ಸಲ ಕೂಗಿದ ಹೆಸರು, ಅದು ಗೊತ್ತಿಲ್ಲ! ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರಿನಲ್ಲಿ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಲಿಪ್ಯಂತರದ ಕಷ್ಟ ಬೇರೆ. ಅವ್ವನ ಹೆಸರಿನ 'ಕ್ಷ್ಮ' ಎಂಬ ಒಂದು ಒತ್ತಕ್ಷರ ಇಂಗ್ಲಿಷಿಗೆ ಹೋಗುವಾಗ ಪಡಿತರ ಚೀಟಿಯಲ್ಲಿ ಒಂದು ರೀತಿ, ಬ್ಯಾಂಕಿನಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ರೀತಿ ಆಗಿದೆ. ಕನ್ನಡದಲ್ಲಿ ಓದಿದರೆ ಮೂರೂ ಒಂದೇ.

ಎದುರು ಕುಳಿತ ಅಧಿಕಾರಿಯ ಕಡೆಯಿಂದಲೂ ಇದನ್ನು ನೋಡಬೇಕು. ಹುಟ್ಟಿದ ಕಾಗದವನ್ನು ಅವರು ಸುಮ್ಮನೆ ಕೇಳುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಯಾವುದೇ ಒಂದು ದೇಶದವರಿಗೆ ವರ್ಷದ ಉದ್ಯೋಗ ಮತ್ತು ಕುಟುಂಬ ಆದ್ಯತೆಯ ವೀಸಾಗಳಲ್ಲಿ ಶೇ 7ರ ಮಿತಿಯಿದೆ. ಆ 'ದೇಶ' ತೀರ್ಮಾನವಾಗುವುದು ಪೌರತ್ವದಿಂದ ಅಲ್ಲ, ಹುಟ್ಟಿದ ಜಾಗದಿಂದ. ಒಂದೇ ಅಪ್ಪ ಅಮ್ಮನ ಇಬ್ಬರು ಮಕ್ಕಳಲ್ಲಿ ಮಂಗಳೂರಿನಲ್ಲಿ ಹುಟ್ಟಿದವನು ದಶಕಗಟ್ಟಲೆ ಸಾಲಿನಲ್ಲಿ ನಿಲ್ಲಬೇಕು, ಕುವೈತಿನಲ್ಲಿ ಹುಟ್ಟಿದವಳು ಬೇಗ ಮುಂದೆ ಹೋಗಬಹುದು. ಇಪ್ಪತ್ತೊಂದು ತುಂಬಿದರೆ ಮಗು ಮಗುವಲ್ಲ, ಅಲ್ಲಿಗೆ ದಿನಾಂಕವೂ ನಿರ್ಣಾಯಕ. ಹೆತ್ತವರನ್ನು ಕರೆಸಿಕೊಳ್ಳಬೇಕಾದರೆ ಕರೆಸುವ ಮಗನ ಜನನಪತ್ರದಲ್ಲಿ ತಾಯಿಯ ಹೆಸರಿರಬೇಕು. ಇಷ್ಟೆಲ್ಲ ಒಂದು ಕಾಗದದ ಮೇಲೆ ನಿಂತಿರುವಾಗ ಅದನ್ನು ಕೇಳುವುದು ತಪ್ಪಲ್ಲ.

ಅವರ ಅನುಮಾನಕ್ಕೂ ಒಂದು ಚರಿತ್ರೆಯಿದೆ. 1882ರ ಕಾಯ್ದೆ ಚೀನೀ ಕಾರ್ಮಿಕರಿಗೆ ಅಮೆರಿಕದ ಬಾಗಿಲು ಮುಚ್ಚಿತು. 1906ರ ಏಪ್ರಿಲ್ 18ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಭೂಕಂಪವಾಗಿ, ಆಮೇಲೆ ಹೊತ್ತಿದ ಬೆಂಕಿಯಲ್ಲಿ ನಗರದ ಜನನ ದಾಖಲೆಗಳು ಸುಟ್ಟುಹೋದವು. ಪುಸ್ತಕವೇ ಇಲ್ಲದ ಮೇಲೆ 'ನಾನು ಇಲ್ಲೇ ಹುಟ್ಟಿದವನು' ಎಂದವನನ್ನು ಅಲ್ಲಗಳೆಯುವುದು ಹೇಗೆ? ಅನೇಕ ಚೀನೀಯರು ಹಾಗೆ ಹೇಳಿ ಪೌರರಾದರು, ಊರಿಗೆ ಹೋಗಿ ಬಂದು ಮಗ ಹುಟ್ಟಿದ ಎಂದು ಬರೆಸಿದರು, ಆ ಹೆಸರಿನ ಮೇಲೆ ಬೇರೆ ಯಾರದೋ ಮಗ ಬಂದಿಳಿದ. ಅವರನ್ನು 'ಕಾಗದದ ಮಕ್ಕಳು' ಎಂದು ಕರೆದರು. ಅದನ್ನು ಪತ್ತೆ ಮಾಡಲು ಏಂಜಲ್ ಐಲ್ಯಾಂಡ್ ಎಂಬ ದ್ವೀಪದಲ್ಲಿ, 1910ರಿಂದ 1940ರವರೆಗೆ, ಬಂದವರನ್ನು ವಾರಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ ಕೂಡಿಹಾಕಿ ಪ್ರಶ್ನಿಸಿದರು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿಯ ಪೀಪಾಯಿ ಎಲ್ಲಿಡುತ್ತೀರಿ? ಅಪ್ಪ ಒಂದು ಹೇಳಿ ಮಗ ಇನ್ನೊಂದು ಹೇಳಿದರೆ ವಾಪಸ್ ಹಡಗು. ನಿಜವಾದ ಮಗನೂ ಮೆಟ್ಟಿಲು ಎಣಿಸಿರುವುದಿಲ್ಲ ಎಂಬುದು ಪ್ರಶ್ನೆ ಕೇಳುವವರಿಗೆ ಹೊಳೆಯಲಿಲ್ಲ. ಸುಳ್ಳು ಮಗ ಮಾತ್ರ ಎಣಿಸಿ, ಉರು ಹೊಡೆದು ಬಂದಿರುತ್ತಿದ್ದ. ಎಲ್ಲವೂ ಅಚ್ಚುಕಟ್ಟಾಗಿ ತಾಳೆಯಾಗಬೇಕು ಎಂದು ಹಟ ಹಿಡಿದರೆ ದಾಟುವವರು ಯಾರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ.

ಇಂದಿನ ಅಮೆರಿಕದ ನಿಯಮ ಇದನ್ನು ಸ್ವಲ್ಪಮಟ್ಟಿಗೆ ಅರಿತಿದೆ ಎನ್ನಬೇಕು. ಮೂಲ ದಾಖಲೆ ಇಲ್ಲದಿದ್ದರೆ ಇಲ್ಲವೆಂದು ತೋರಿಸಿ, ಶಾಲೆಯ ಅಥವಾ ಚರ್ಚಿನ ದಾಖಲೆಯಂಥದ್ದನ್ನು ಕೊಡಬಹುದು. ಅದೂ ಇಲ್ಲದಿದ್ದರೆ, ಅರ್ಜಿಯಲ್ಲಿ ತಾವೇ ಪಕ್ಷಗಾರರಲ್ಲದ, ಸಂಗತಿಯನ್ನು ಸ್ವತಃ ಬಲ್ಲ ಇಬ್ಬರಾದರೂ ಪ್ರಮಾಣ ಮಾಡಿ ಹೇಳಬೇಕು. 'ಇಲ್ಲ' ಎಂಬ ಸರ್ಕಾರಿ ಪತ್ರದಲ್ಲೂ ಯಾಕೆ ಇಲ್ಲ, ಅದೇ ಕಾಲದ ಅದೇ ಊರಿನ ಬೇರೆಯವರ ದಾಖಲೆಗಳು ಇವೆಯೇ ಎಂಬುದನ್ನು ಹೇಳಿರಬೇಕು. ತೀರ್ಮಾನದ ಅಳತೆಗೋಲೂ ಕ್ರಿಮಿನಲ್ ಮೊಕದ್ದಮೆಯದ್ದಲ್ಲ. ಎಳ್ಳಷ್ಟೂ ಸಂಶಯ ಇರಕೂಡದು ಎಂದೇನಿಲ್ಲ, ಹೌದೆನ್ನುವ ಕಡೆಗೆ ತಕ್ಕಡಿ ವಾಲಿದರೆ ಸಾಕು ಎಂದು ಅಲ್ಲಿನ ವಲಸೆ ಇಲಾಖೆಯ ಮೇಲ್ಮನವಿ ಕಚೇರಿ 2010ರಲ್ಲಿ ಖಚಿತಪಡಿಸಿದೆ. ಹುಟ್ಟಿದ ಎಷ್ಟೋ ವರ್ಷಗಳ ಮೇಲೆ ನೋಂದಾಯಿಸಿದ ಪ್ರಮಾಣಪತ್ರವನ್ನು ತಳ್ಳಿಹಾಕಬಾರದು, ಅದೊಂದನ್ನೇ ನಂಬಿಯೂ ಕೂರಬಾರದು, ಉಳಿದೆಲ್ಲ ಪುರಾವೆಗಳ ಜೊತೆಗಿಟ್ಟು ತೂಗಬೇಕು ಎಂದು ವಲಸೆ ಮೇಲ್ಮನವಿ ಮಂಡಳಿ 2017ರಲ್ಲಿ ಹೇಳಿದೆ.

ಈ ಕೊನೆಯ ಮಾತು ನಮ್ಮವರಿಗೆ ಸರಿಯಾಗಿ ತಲುಪಿಲ್ಲ. ಮ್ಯಾಜಿಸ್ಟ್ರೇಟರ ಆದೇಶ ತಂದು ಹೊಸದಾಗಿ ನೋಂದಾಯಿಸಿಬಿಟ್ಟರೆ ಎಲ್ಲ ಮುಗಿಯಿತು ಎಂದು ನಂಬಿದವರೇ ಹೆಚ್ಚು. ತಡವಾಗಿ ನೋಂದಾಯಿಸುವುದು ಕಾನೂನುಬದ್ಧವೇ, 1969ರ ಜನನ ಮರಣ ನೋಂದಣಿ ಕಾಯ್ದೆಯ 13ನೇ ಸೆಕ್ಷನ್ ಅದಕ್ಕೆ ದಾರಿ ಕೊಟ್ಟಿದೆ. ಆದರೆ ಯೋಚಿಸಿ ನೋಡಿ: ಮೊನ್ನೆ ಮಾಡಿಸಿದ ಆ ಪ್ರಮಾಣಪತ್ರ ನಿಂತಿರುವುದು ಅದೇ ಎಸ್‌ಎಸ್‌ಎಲ್‌ಸಿಯ ಮೇಲೆ, ಅದೇ ಮೇಷ್ಟ್ರ ಜೂನ್ 1ರ ಮೇಲೆ. ಹಳೆಯ ಊಹೆಗೆ ಹೊಸ ಸೀಲು ಬಿದ್ದಿದೆ ಅಷ್ಟೆ. ಅಧಿಕಾರಿ ಮೊದಲು ನೋಡುವುದು ಹುಟ್ಟಿದ ತಾರೀಖನ್ನಲ್ಲ, ನೋಂದಣಿಯಾದ ತಾರೀಖನ್ನು. ಅಂದು ನಾನು ಆ ಮಧ್ಯವರ್ತಿಯ ಮಾತು ಕೇಳಿದ್ದರೆ ಒಂದು ತಾಲ್ಲೂಕಿನಲ್ಲಿ ನಿಜವಾದ ದಾಖಲೆ, ಇನ್ನೊಂದು ತಾಲ್ಲೂಕಿನಲ್ಲಿ ತಾಳೆಯಾಗುವ ದಾಖಲೆ, ಹೀಗೆ ನನ್ನ ಅಣ್ಣ ಎರಡು ಸಲ ಹುಟ್ಟಿರುತ್ತಿದ್ದ. ದಾಖಲೆ ಇಲ್ಲದವರಿಗೆ ಅಮೆರಿಕದ ಕಾನೂನಿನಲ್ಲಿ ದಾರಿಗಳಿವೆ. ಸುಳ್ಳು ದಾಖಲೆ ಕೊಟ್ಟವರನ್ನು ಅದೇ ಕಾನೂನು ಜೀವಮಾನವಿಡೀ ಹೊರಗಿಡಬಲ್ಲದು.

ಇನ್ನೊಂದು ಸುಳ್ಳು ಇದಕ್ಕಿಂತ ಮೆಲ್ಲಗೆ ಒಳಗೆ ಬರುತ್ತದೆ. ಹೆಸರಿನಲ್ಲಿ ವ್ಯತ್ಯಾಸವಿದೆ ಎಂದ ಕೂಡಲೇ ನೋಟರಿಯ ಬಳಿ ಸಿದ್ಧವಿರುವ ನಮೂನೆ ಯಾವುದು? 'ನಾನು ನನ್ನ ಹೆಸರನ್ನು ಇಂಥದ್ದರಿಂದ ಇಂಥದ್ದಕ್ಕೆ ಬದಲಾಯಿಸಿಕೊಂಡಿದ್ದೇನೆ.' ಅವ್ವ ಎಂದಾದರೂ ಹೆಸರು ಬದಲಾಯಿಸಿಕೊಂಡಳೇ? ಅವಳು ಹುಟ್ಟಿದಾಗಿನಿಂದ ಲಕ್ಷ್ಮಮ್ಮನೂ ಹೌದು, ಪುಟ್ಟಮ್ಮನೂ ಹೌದು. ಆಗದ ಬದಲಾವಣೆಯನ್ನು ಆಯಿತೆಂದು ಪ್ರಮಾಣ ಮಾಡಿದರೆ ಮುಂದಿನ ಪ್ರಶ್ನೆ ಬರುತ್ತದೆ: ಯಾವಾಗ, ಯಾಕೆ, ಗೆಜೆಟ್ ಪ್ರಕಟಣೆ ಎಲ್ಲಿ? ಬರೆಯಬೇಕಾದದ್ದು ಎರಡೂ ಹೆಸರು ಒಬ್ಬರವೇ ಎಂದು, ಒಂದು ಮನೆಯಲ್ಲಿ ಕರೆಯುತ್ತಿದ್ದುದು, ಇನ್ನೊಂದು ಇಟ್ಟ ಹೆಸರು ಎಂದು. ನಾವು ಹಾಗೆಯೇ ಬರೆಸಿದೆವು. ಅಣ್ಣನ ಅರ್ಜಿಯಲ್ಲಿ ಪಾಸ್‌ಪೋರ್ಟಿನ ದಿನಾಂಕವೇ ಇತ್ತು. ಜೊತೆಯ ಪತ್ರದಲ್ಲಿ ರಿಜಿಸ್ಟರಿನ ದಿನಾಂಕ ಯಾವುದು, ಶಾಲೆಯ ದಿನಾಂಕ ಹೇಗೆ ಬಂತು, ಹುಟ್ಟಿದ ಊರು ಯಾಕೆ ಬೇರೆ ಎಂಬುದನ್ನೆಲ್ಲ ಮುಚ್ಚಿಡದೆ ಬರೆದೆವು. ರಿಜಿಸ್ಟರಿನ ಕನ್ನಡ ಪುಟಕ್ಕೆ ಇಂಗ್ಲಿಷ್ ಅನುವಾದ ಮಾಡಿಸುವಾಗ ಅನುವಾದಕರಿಗೆ ಒಂದೇ ಮಾತು ಹೇಳಿದ್ದೆ, ಖಾಲಿ ಇರುವುದನ್ನು ಖಾಲಿ ಎಂದೇ ಬರೆಯಿರಿ ಎಂದು. ಮುಂದೆ ಹೆಚ್ಚಿನ ಪುರಾವೆ ಕೇಳಿ ಅವನಿಗೆ ಪತ್ರ ಬಂತು, ಉತ್ತರಿಸಿದ. ವರ್ಷಗಳು ಹಿಡಿದವು. ಕಾರ್ಡು ಬಂತು.

ಆದರೆ ಅಣ್ಣನಿಗೆ ಒಂದು ಸಾಲಾದರೂ ಇತ್ತು. ಯಾರಿಗೆ ಸಾಲಿತ್ತು, ಯಾರಿಗೆ ಇರಲಿಲ್ಲ ಎಂದು ನೋಡತೊಡಗಿದರೆ ಇದು ವಲಸೆಯ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಕುಟುಂಬಗಳಿಗೆ ಇಗರ್ಜಿಯ ಜ್ಞಾನಸ್ನಾನದ ಪುಸ್ತಕವಿದೆ, ಅಮೆರಿಕದ ನಿಯಮದಲ್ಲಿ ಚರ್ಚಿನ ದಾಖಲೆಗೆ ಹೆಸರು ಹಿಡಿದು ಜಾಗವೂ ಇದೆ. ಜಾತಕ ಬರೆಸುವ ಮನೆಗಳಲ್ಲಿ ಸಂವತ್ಸರ, ಮಾಸ, ತಿಥಿ, ನಕ್ಷತ್ರದ ಸಮೇತ ಗಳಿಗೆಯ ಲೆಕ್ಕವಿರುತ್ತದೆ. ಪಟ್ಟಣದ ಆಸ್ಪತ್ರೆಯಲ್ಲಿ ಹುಟ್ಟಿದವರಿಗೆ ಆಸ್ಪತ್ರೆಯ ಪುಸ್ತಕವಿದೆ. ಗುಡಿಸಲಲ್ಲಿ, ಹೊಲದ ಬದುವಿನಲ್ಲಿ ಹುಟ್ಟಿದವರಿಗೆ ಏನಿದೆ? ಪಾವಗಡದ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಪಡೆದವರು. ಅವರ ಕೈಯಲ್ಲಿ ಹುಟ್ಟಿದ ಅಷ್ಟು ಮಕ್ಕಳ ಹುಟ್ಟಿಗೆ ಮೊದಲ ಸಾಕ್ಷಿ ಅವರೇ. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡಾಗ ಎಷ್ಟೊಂದು ಜನರ ಹುಟ್ಟಿನ ಸಾಕ್ಷ್ಯ ಅವರೊಂದಿಗೇ ಹೋಯಿತು! ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು. ಶಾಲೆಗೆ ಕಳಿಸದ ಹೆಣ್ಣುಮಗುವಿಗೆ ಮೇಷ್ಟ್ರ ಜೂನ್ 1 ಕೂಡ ಇಲ್ಲ.

ಹಾಗೆಂದು ಇದು ಮುಗಿದುಹೋದ ಕಾಲದ ಕಥೆಯಲ್ಲ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಹುಟ್ಟು ನೋಂದಣಿಯಾದವರು ಶೇ 89.1. ನೂರರಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು ಆಗಲೂ ಪುಸ್ತಕದ ಹೊರಗೇ ಇದ್ದರು. ಇದರ ನಡುವೆ 2023ರ ಅಕ್ಟೋಬರ್ 1ರಿಂದ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿದೆ. ಅಂದಿನಿಂದ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಸರ್ಕಾರಿ ನೌಕರಿಗೆಲ್ಲ ಜನನ ಪ್ರಮಾಣಪತ್ರವೊಂದೇ ಆಧಾರ. 2025ರಲ್ಲಿ ಪಾಸ್‌ಪೋರ್ಟಿಗೂ ಇದೇ ನಿಯಮ ಬಂತು. ಒಂದೇ ಗಟ್ಟಿ ದಾಖಲೆ ಇರಲಿ ಎಂಬ ಆಶಯ ಒಳ್ಳೆಯದೇ. ನನ್ನ ತಕರಾರು ಕ್ರಮದ ಬಗ್ಗೆ. ಮೊದಲು ಪ್ರತಿ ಮಗುವನ್ನೂ ಬರೆದುಕೊಳ್ಳಬೇಕು, ಆಮೇಲೆ ಬರೆದದ್ದನ್ನು ಕಡ್ಡಾಯ ಮಾಡಬೇಕು. ಇಲ್ಲವಾದರೆ ಅಂದು ಅಮೆರಿಕದ ಗುಮಾಸ್ತ ನಮ್ಮನ್ನು ಕೇಳಿದ ಪ್ರಶ್ನೆಯನ್ನು ನಾಳೆ ನಮ್ಮೂರಿನ ಶಾಲೆಯೇ ಕೇಳುತ್ತದೆ, ಕೇಳಿಸಿಕೊಳ್ಳುವವರು ಮತ್ತೆ ಪುಸ್ತಕದ ಹೊರಗುಳಿದವರೇ ಆಗಿರುತ್ತಾರೆ.

ಸರ್ಕಾರದಿಂದ ನಾನು ಕೇಳುವುದು ದೊಡ್ಡದೇನಲ್ಲ. ದಾಖಲೆ ಇಲ್ಲದಿದ್ದರೆ 'ಇಲ್ಲ' ಎಂದು ಬರೆದುಕೊಡಲು ನಮೂನೆ 10 ಎಂಬ ಅಲಭ್ಯತಾ ಪ್ರಮಾಣಪತ್ರ ನಿಯಮದಲ್ಲೇ ಇದೆ. ಅದನ್ನು ಕೇಳಿ ಬಂದವರನ್ನು ಕಳ್ಳರಂತೆ ನೋಡದೆ, ಕಾರಣ ಸಮೇತ ಕೊಡಬೇಕು. ಪುಸ್ತಕ ಗೆದ್ದಲು ತಿಂದಿದ್ದರೆ ಗೆದ್ದಲು ತಿಂದಿದೆ ಎನ್ನಲಿ. ಆ ಹಳ್ಳಿಯ ಆ ವರ್ಷದ ಪುಟಗಳಿವೆ, ಇವರ ಹೆಸರು ಮಾತ್ರ ಇಲ್ಲ ಎಂದಾದರೆ ಹಾಗೆಯೇ ಹೇಳಲಿ. ನಮ್ಮ ಕಚೇರಿಗಳಿಗೆ 'ಇದೆ' ಎಂದು ಸಹಿ ಹಾಕುವುದಕ್ಕಿಂತ 'ಇಲ್ಲ' ಎಂದು ಸಹಿ ಹಾಕುವುದು ಕಷ್ಟ, ಯಾಕೆಂದರೆ 'ಇಲ್ಲ' ಎಂಬುದರಲ್ಲಿ ಇಲಾಖೆಯ ತಪ್ಪೂ ಸೇರಿರುತ್ತದೆ. ಆ ತಪ್ಪನ್ನು ಒಪ್ಪಿ ಬರೆದುಕೊಟ್ಟ ಒಂದು ಹಾಳೆ, ಹೊಂದಿಸಿ ಮಾಡಿದ ಹತ್ತು ಕಾಗದಗಳಿಗಿಂತ ಒಬ್ಬ ಬಡ ಹೆಣ್ಣುಮಗಳನ್ನು ಹೆಚ್ಚು ಕಾಪಾಡುತ್ತದೆ. ಅಮೆರಿಕದ ಕಡೆಯಿಂದ ಕೇಳುವುದೂ ಅಷ್ಟೆ. ಪುರಾವೆ ಕೇಳಿದ ಪತ್ರಕ್ಕೆ ಉತ್ತರಿಸಲು ಅವರು ಕೊಡುವ ಗಡುವು ಹೆಚ್ಚೆಂದರೆ 12 ವಾರ. 70 ವರ್ಷ ಯಾರೂ ತೆರೆಯದ ಪುಸ್ತಕವನ್ನು ಹುಡುಕಿಸಿ, ನಕಲು ತೆಗೆಸಿ, ಅನುವಾದ ಮಾಡಿಸಲು ಅದು ಸಾಲುವುದಿಲ್ಲ.

ಅವ್ವನ ಸರದಿ ಬಂದದ್ದು 2019ರಲ್ಲಿ. ಅಷ್ಟರಲ್ಲಿ ಅಣ್ಣ ಅಲ್ಲಿನ ಪೌರನಾಗಿದ್ದ, ಅಪ್ಪ ತೀರಿಕೊಂಡಿದ್ದರು. ಅವ್ವ ಹುಟ್ಟಿದ್ದು ನಂದನ ಸಂವತ್ಸರದ ಶ್ರಾವಣದಲ್ಲಿ, ನಾಗರಪಂಚಮಿಯ ಮಾರನೆಯ ದಿನ ಎಂದು ಮನೆಯವರ ಮಾತು. ಅಂದರೆ 1952ರ ಜುಲೈ ಕೊನೆ. ಮತದಾರರ ಚೀಟಿಯಲ್ಲಿ 1995ರ ಜನವರಿ 1ಕ್ಕೆ 42 ವರ್ಷ ಎಂದಿತ್ತು, ಅದನ್ನು ಕಳೆದು ಪಾಸ್‌ಪೋರ್ಟಿನಲ್ಲಿ 1953ರ ಜನವರಿ 1 ಎಂದಾಯಿತು. ನಂದನ ಮುಗಿದದ್ದು 1953ರ ಯುಗಾದಿಗೆ, ಹಾಗಾಗಿ ಸಂವತ್ಸರವಾದರೂ ತಾಳೆಯಾಗುತ್ತದೆ ಎಂದು ನಾನೇ ಸಮಾಧಾನ ಮಾಡಿಕೊಂಡೆ. ಅವಳ ತವರಿನ ತಾಲ್ಲೂಕಿನಲ್ಲಿ 1952ರ ಪುಸ್ತಕ ಇತ್ತು. 1969ರ ಕಾಯ್ದೆ ಬರುವ ಮೊದಲು ಪಟೇಲರು ಬರೆಸಿದ ಪುಸ್ತಕ, ಅಂಚು ಮುಟ್ಟಿದರೆ ಪುಡಿ ಉದುರುತ್ತಿತ್ತು. ಆ ಊರಿನ ಪುಟದಲ್ಲಿ ಆ ವರ್ಷ ಹನ್ನೊಂದು ಹುಟ್ಟು. ಗುಮಾಸ್ತರು ಓದುತ್ತ ಹೋದಂತೆ ಸೋದರಮಾವ ಒಂದೊಂದು ಮನೆಯನ್ನೂ ಗುರುತಿಸಿದ. ಎಲ್ಲವೂ ಊರ ನಡುವಿನ ಎರಡು ಬೀದಿಯ ಮನೆಗಳು. ನಮ್ಮ ಅಜ್ಜಿಯ ಕೇರಿಯ ಒಂದು ಮಗುವೂ ಅದರಲ್ಲಿ ಇರಲಿಲ್ಲ. ಆ ವರ್ಷ ನಮ್ಮ ಕೇರಿಯಲ್ಲಿ ಯಾರೂ ಹುಟ್ಟಲೇ ಇಲ್ಲವೇ ಎಂದು ಮಾವ ಕೇಳಿದ, ಯಾರನ್ನು ಕೇಳಿದ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಅಲಭ್ಯತಾ ಪ್ರಮಾಣಪತ್ರ ಸಿಕ್ಕಿತು. ಶಾಲೆಯ ದಾಖಲೆ ಇಲ್ಲ, ಅವ್ವ ಶಾಲೆಗೆ ಹೋಗಿಲ್ಲ. ಉಳಿದದ್ದು ಕಂಡವರ ಮಾತು. 67 ವರ್ಷದ ಹಿಂದಿನ ಹುಟ್ಟನ್ನು ಸ್ವತಃ ಬಲ್ಲವರನ್ನು ಎಲ್ಲಿ ಹುಡುಕುವುದು? ಮಾವ ಅವಳಿಗಿಂತ ಚಿಕ್ಕವನು, ಅವನ ಮಾತು ನಡೆಯದು. ಕೊನೆಗೆ ಸಿಕ್ಕ ಇಬ್ಬರಲ್ಲಿ ಒಬ್ಬಳು ಅವ್ವನ ದೊಡ್ಡಪ್ಪನ ಮಗಳು, ನಮಗೆ ದೊಡ್ಡವ್ವ. ಟೈಪ್ ಮಾಡುವವನು 'ನನಗೆ ತಿಳಿದು ಬಂದಿರುವಂತೆ' ಎಂದು ಎಂದಿನ ವಾಕ್ಯ ಶುರು ಮಾಡಿದ. ತಡೆದು, ಅವಳು ಹೇಳಿದ್ದನ್ನೇ ಬರೆಯಲು ಹೇಳಿದೆ. "ಮಳೆ ಹುಯ್ತಿತ್ತು ಕಣಪ್ಪ. ಕಂಬ್ಳಿ ಕೊಪ್ಪೆ ಹಾಕ್ಕಂಡು ಸೂಲಗಿತ್ತೀನ ಕರ್ಕಬರಾಕೆ ಓಡಿದ್ದು ನಾನೇಯ. ಹಳ್ಳ ದಾಟ್ಬೇಕಿತ್ತು. ಬರೋ ಹೊತ್ಗೆ ಮಗ ಆಗೋಗಿತ್ತು." ಅದಷ್ಟನ್ನೂ ಬರೆದ. ಪಾಸ್‌ಪೋರ್ಟಿನ ಜನವರಿ 1ರಂದು ನಮ್ಮ ಕಡೆ ಮಳೆ ಹುಯ್ಯುವುದಿಲ್ಲ ಎಂದು ಒಬ್ಬರು ಎಚ್ಚರಿಸಿದರು, ಮಳೆಯನ್ನು ತೆಗೆಸಿಬಿಡಿ ಎಂದರು. ತೆಗೆಸಲಿಲ್ಲ. ಜನವರಿ 1 ಎಲ್ಲಿಂದ ಬಂತು ಎಂದು ಮತದಾರರ ಚೀಟಿಯ ಪ್ರತಿ ಇಟ್ಟು ಬೇರೆ ಪತ್ರದಲ್ಲಿ ವಿವರಿಸಿದೆವು. ಅವ್ವ ಈಗ ಚಳಿಗಾಲವನ್ನು ಇಲ್ಲಿ, ಉಳಿದ ದಿನಗಳನ್ನು ಮೊಮ್ಮಕ್ಕಳ ಜೊತೆ ಅಲ್ಲಿ ಕಳೆಯುತ್ತಾಳೆ.

ಅಫಿಡವಿಟ್ಟಿನಲ್ಲಿ ಸಾಕ್ಷಿ ಹೇಳುವವರ ಜನ್ಮ ದಿನಾಂಕ ಮತ್ತು ಸ್ಥಳವನ್ನೂ ಬರೆಯಬೇಕು. ಟೈಪ್ ಮಾಡುವವನು ಕೇಳಿದಾಗ ದೊಡ್ಡವ್ವ ನನ್ನ ಮುಖ ನೋಡಿದಳು. "ನಾನು ಹುಟ್ಟಿದ್ನ ನೋಡ್ದೋರು ಈಗ ಯಾರೂ ಇಲ್ವಲ್ಲಪ್ಪ" ಎಂದಳು. ಅವಳ ಆಧಾರ್ ಕಾರ್ಡಿನಲ್ಲೂ ಜನವರಿ 1 ಎಂದೇ ಇತ್ತು. ಆ ಜಾಗದಲ್ಲಿ 'ಸುಮಾರು 78 ವರ್ಷ' ಎಂದು ಬರೆಸಿ, ಅವಳ ಎಡಗೈ ಹೆಬ್ಬೆಟ್ಟನ್ನು ಒತ್ತಿಸಿದೆ.